ಎರಡು ಬೆರಳಿಗೊಂದು ಹುಕ್ಕು

ನಮ್ಮ ಮನೆಯಲ್ಲಿ ಅಮ್ಮನೊಬ್ಬಳನ್ನು ಬಿಟ್ಟರೆ ಮಾತು ನಿಲ್ಲಿಸುವುದು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಜಯನಗರದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ. ಗಿರಾಕಿ ಕುರ್ಚಿ ಎಳೆದು ಕೂರುವಷ್ಟರಲ್ಲಿ ಇಡ್ಲಿಯಿಂದ ಹಿಡಿದು ಬಾದಾಮಿ ಹಾಲಿನವರೆಗೆ ಇದ್ದಬದ್ದ ತಿಂಡಿಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ಅವನ ಹೆಮ್ಮೆ. ಮನೆಗೆ ಬಂದ ಮೇಲೂ ಆ ಉಸಿರು ಇಳಿಯುತ್ತಿರಲಿಲ್ಲ. ಹೋಟೆಲಿನ ಸುದ್ದಿ, ಬಸ್ಸಿನ ಸುದ್ದಿ, ನಲ್ಲಿ ನೀರಿಗಾಗಿ ಓನರ್ ಜೊತೆ ಆದ ಜಗಳ, ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿ ಹೇಳುತ್ತಿದ್ದ. ಅಪ್ಪನ ತಾಯಿ, ನಮ್ಮಜ್ಜಿ, ಬೆಳಿಗ್ಗೆ ನಲ್ಲಿಯ ಹತ್ತಿರ ಶುರು ಮಾಡಿದ ಬೈಗುಳವನ್ನು ಮಧ್ಯಾಹ್ನ ಮುದ್ದೆ ನುಂಗುವಾಗಲೂ ಬಿಡುತ್ತಿರಲಿಲ್ಲ. ಮುದ್ದೆ ಗಂಟಲಲ್ಲಿದ್ದರೆ ಮಾತು ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡು ಹೊರಗೆ ಬರುತ್ತಿತ್ತು. ನಾನು ಇವರಿಬ್ಬರ ಮಡಿಲಲ್ಲಿ ಮಾತು ಕಲಿತವಳು.

ಈಗ ಕಚೇರಿಯೊಂದರಲ್ಲಿ ಟಿಪ್ಪಣಿ, ಸುತ್ತೋಲೆ ಬರೆಯುವ ಕೆಲಸದಲ್ಲಿದ್ದೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ; ಸಂಕೋಚ ಪಡುವಷ್ಟು ಸುಲಭವಾಗಿ ಅದು ಸಿಕ್ಕಿಲ್ಲ. ಕಚೇರಿಗೆ ಹೊಸದಾಗಿ ಸೇರಿದವರು ಕರಡು ತಂದು, "ಮೇಡಂ, ಕಾಮಾ ಫುಲ್‌ಸ್ಟಾಪ್ ಎಲ್ಲ ಸರಿ ಇದ್ಯಾ ನೋಡಿ" ಎಂದು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ನನಗೆ ವ್ಯಾಕರಣ ಚೆನ್ನಾಗಿ ಗೊತ್ತು ಎಂದುಕೊಂಡಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವುದು ರವಿಕೆಗೆ ಹುಕ್ಕು ಹಾಕುವುದು.

ಆಗ ನಾವಿದ್ದದ್ದು ಬನಶಂಕರಿ ಹತ್ತಿರದ ಕದಿರೇನಹಳ್ಳಿಯ ಒಂದು ವಠಾರದಲ್ಲಿ. ಸಾಲಾಗಿ ಆರು ಮನೆ, ಕೊನೆಯದು ನಮ್ಮದು. ಒಂದು ರೂಮು, ಅದರ ಬೆನ್ನಿಗೆ ಅಡುಗೆಮನೆ, ಹಿಂದೆ ಎಲ್ಲರಿಗೂ ಸೇರಿದ ನಲ್ಲಿ. ಆ ಜಾಗದಲ್ಲಿ ಓನರ್ ಗೌಡರು ಹಿಂದೆ ರಾಗಿ ಬೆಳೆಯುತ್ತಿದ್ದರಂತೆ. ಆರು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ನಮ್ಮ ಸಾಲಿಗೆ ಅವರು 'ಹೊಲ' ಅಂತಲೇ ಅನ್ನುತ್ತಿದ್ದರು. ಬೆಳಿಗ್ಗೆ ತಮ್ಮ ಜಗಲಿಯ ಮೇಲೆ ಕೂತು, "ಹೊಲದ ಕಡೆ ನೀರು ಬಿಟ್ಟಿದೀನಿ, ಹಿಡ್ಕೊಳ್ರೋ" ಎಂದು ಕೂಗುತ್ತಿದ್ದರು. ನಾವು ಬಿಂದಿಗೆ ಹಿಡಿದು ಓಡುತ್ತಿದ್ದೆವು. ರೂಮಿಗೆ ಕಿಟಕಿ ಇತ್ತು, ಬೆಳಕು ಇರಲಿಲ್ಲ. ಬೆಳಕು ಇದ್ದದ್ದು ಹೊಸ್ತಿಲಲ್ಲಿ ಮಾತ್ರ. ಅದು ಅಮ್ಮನ ಜಾಗ. ಅವಳನ್ನು ದಾಟಿಕೊಂಡೇ ನಾವು ಒಳಗೆ ಹೊರಗೆ ಓಡಾಡಬೇಕು. ದಾಟುವಾಗ ಬಟ್ಟೆ ತುಳಿದರೆ ತೊಡೆಗೆ ಒಂದು ಚಿವುಟು ಬೀಳುತ್ತಿತ್ತು, ಬಾಯಲ್ಲಿ ಬೈಯುತ್ತಿರಲಿಲ್ಲ. ಬೈಯಲು ಅವಳ ಬಾಯಿ ಖಾಲಿ ಇರುತ್ತಿರಲಿಲ್ಲ.

ಅಮ್ಮ ಹುಕ್ಕು ಹಾಕುತ್ತಿದ್ದಳು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದೆ ನಾಗರಾಜ್ ಮಾಸ್ಟರ್ ಅವರದೊಂದು ಟೈಲರ್ ಅಂಗಡಿ. ಅಲ್ಲಿ ಕತ್ತರಿಸಿ ಮಿಶಿನ್ನಿನಲ್ಲಿ ಹೊಲಿದ ರವಿಕೆಗಳನ್ನು ವಾರಕ್ಕೆರಡು ಸಲ ಬಟ್ಟೆಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತರುತ್ತಿದ್ದಳು. ಅಂಚು ಮಡಿಸಿ ಹೆಮ್ಮಿಂಗ್ ಮಾಡುವುದು, ಎದೆಯ ಒಂದು ಪಟ್ಟಿಗೆ ಹುಕ್ಕು ಕೂರಿಸುವುದು, ಎದುರು ಪಟ್ಟಿಗೆ ಆ ಹುಕ್ಕು ಸಿಕ್ಕಿಕೊಳ್ಳಲು ದಾರದ ಕಾಜಾ ಹೊಲಿಯುವುದು, ಇಷ್ಟು ಅವಳ ಕೆಲಸ. ಒಂದು ರವಿಕೆಗೆ ಆರು ಹುಕ್ಕು. ಆರನ್ನೂ ಮೊದಲೇ ತುಟಿಗಳ ಮಧ್ಯೆ ಸಾಲಾಗಿ ಕಚ್ಚಿಕೊಂಡು ಒಂದೊಂದಾಗಿ ತೆಗೆಯುತ್ತಿದ್ದಳು. ಹಾಗಾಗಿ ಅವಳ ಮಾತೆಲ್ಲ ಎರಡು ಹುಕ್ಕುಗಳ ನಡುವೆ. "ನೀರು ಬಂತು." ಒಂದು ಹುಕ್ಕು. "ಬಿಂದಿಗೆ ಇಡು." ಇನ್ನೊಂದು ಹುಕ್ಕು. ಅಪ್ಪ ಅರ್ಧ ಗಂಟೆ ಹೇಳಿದ ಕತೆಗೆ ಅವಳು, "ಆಮೇಲೆ?" ಎಂದು ಒಂದೇ ಪದ ಕೇಳುತ್ತಿದ್ದಳು, ಅಪ್ಪ ಇನ್ನರ್ಧ ಗಂಟೆ ಹೇಳುತ್ತಿದ್ದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಬಾಯಿಯ ಹುಕ್ಕುಗಳನ್ನೆಲ್ಲ ಪೌಡರ್ ಡಬ್ಬಿಯ ಮುಚ್ಚಳಕ್ಕೆ ಉದುರಿಸಿ, ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಟ್ಟು ಏಳುತ್ತಿದ್ದಳು. ದೀಪ ಹಚ್ಚಿದ ಮೇಲೆ ಸೂಜಿ ಮುಟ್ಟಬಾರದು, ಬತ್ತಿ ಹತ್ತಿಕೊಳ್ಳುವ ತನಕ ಯಾರೂ ಮಾತಾಡಬಾರದು. ಅಜ್ಜಿ ಕೂಡ ಆಗ ಸುಮ್ಮನಾಗುತ್ತಿದ್ದಳು. ಇಡೀ ದಿನದಲ್ಲಿ ನಮ್ಮ ಮನೆ ತೆಪ್ಪಗಿರುತ್ತಿದ್ದದ್ದು ಆ ಒಂದು ನಿಮಿಷ.

ನನಗೆ ಒಂಬತ್ತು ವರ್ಷವಾದಾಗ ಅಮ್ಮ ಸೂಜಿ ಕೊಟ್ಟಳು. ಪಾಠ ಚಿಕ್ಕದು.

"ಎರಡು ಬೆರಳು ಇಡು. ಒಂದು ಹುಕ್ಕು. ಮತ್ತೆ ಎರಡು ಬೆರಳು. ಇನ್ನೊಂದು."

ಬೆರಳು ಇಟ್ಟು, ಟೈಲರ್ ಸೀಮೆಸುಣ್ಣದಲ್ಲಿ ಚುಕ್ಕಿ ಗುರುತು ಮಾಡಿ, ಆಮೇಲೆ ಹೊಲಿಯುವುದು. ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ಶಾಲೆಯಿಂದ ಬಂದು ದೀಪ ಹಚ್ಚುವುದರೊಳಗೆ ಮೂರು ರವಿಕೆ ಮುಗಿಸುತ್ತಿದ್ದೆ. ಒಂದು ದಿನ ಬಟ್ಟೆ ತರಲು ಅಮ್ಮನ ಜೊತೆ ಹೋಗಿದ್ದಾಗ ನಾಗರಾಜ್ ಮಾಸ್ಟರ್ ನನ್ನ ಹೊಲಿಗೆಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ಲಕ್ಷ್ಮಮ್ಮ, ಇದು ಮಗಳ ಕೈನಾ? ಚೆನ್ನಾಗಿದೆ ಕಣಮ್ಮ. ಏಳನೇ ಕ್ಲಾಸ್ ಮುಗಿಸ್ಕೊಂಡು ಅಂಗಡಿಗೇ ಬರ್ಲಿ. ಕಟಿಂಗೂ ಕಲಿಸ್ತೀನಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಮ್ಮ ಶಾಲೆ ಏಳನೇ ಕ್ಲಾಸಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ಜಯನಗರದ ಒಂದು ಹೈಸ್ಕೂಲು. ಅಲ್ಲಿ ಸೇರಿಸಿಕೊಳ್ಳುವ ಮುಂಚೆ ಒಂದು ಪ್ರಬಂಧ ಬರೆಸುತ್ತಿದ್ದರು. ಬಾಯಿಪಾಠದ ಪ್ರಬಂಧ ನಡೆಯುವುದಿಲ್ಲ, ವಿಷಯವನ್ನು ಅಲ್ಲೇ ಕೊಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಮೂರು ದಿನ ಇದೇ ಮಾತು. ಅಜ್ಜಿಗೆ ಅಂಗಡಿಯೇ ಸರಿ. ಅಪ್ಪನಿಗೆ ಎರಡೂ ಸರಿ. ಅಂಗಡಿಯ ಬಗ್ಗೆ ಹೇಳುತ್ತಾ ಹೇಳುತ್ತಾ ಹೈಸ್ಕೂಲಿಗೆ ಬಂದು ಮುಟ್ಟುತ್ತಿದ್ದ. ಅಮ್ಮ ಮೂರನೇ ದಿನ ಒಂದು ಹುಕ್ಕು ತೆಗೆದು ಹೇಳಿದಳು.

"ಪರೀಕ್ಷೆ ಬರೀಲಿ. ಸಿಕ್ಕಿದ್ರೆ ಓದ್ತಾಳೆ. ಸಿಗ್ಲಿಲ್ಲಾಂದ್ರೆ ನಾನೇ ಕರ್ಕೊಂಡೋಗಿ ಅಂಗಡೀಲಿ ಬಿಡ್ತೀನಿ."

ನನಗೆ ಓದಬೇಕು ಅಂತ ಆಸೆ ಇತ್ತು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಹೊಸ್ತಿಲಲ್ಲಿ ಕೂತು ರಸ್ತೆ ನೋಡುವಾಗ ಆ ಹೈಸ್ಕೂಲಿನ ಹುಡುಗಿಯರು ನೀಲಿ ಲಂಗದಲ್ಲಿ, ಎದೆಗೆ ಪುಸ್ತಕ ಅವುಚಿಕೊಂಡು ಬಸ್ ಸ್ಟಾಪಿಗೆ ಹೋಗುತ್ತಿದ್ದರು. ನನಗೆ ಹಾಗೆ ಪುಸ್ತಕ ಅವುಚಿಕೊಳ್ಳಬೇಕಿತ್ತು, ಅಷ್ಟೇ.

ಅಲ್ಲಿಯವರೆಗೆ ನಾನು ಬರೆದ ಪ್ರಬಂಧಗಳೆಲ್ಲ ಬೋರ್ಡಿನಿಂದ ಇಳಿಸಿಕೊಂಡು ಬಾಯಿಪಾಠ ಮಾಡಿದವು. 'ಹಸು', 'ದೀಪಾವಳಿ', 'ಗ್ರಂಥಾಲಯದ ಉಪಯೋಗಗಳು'. ನಾನು ಗ್ರಂಥಾಲಯವನ್ನು ಕಣ್ಣಿಂದ ಕಂಡಿರಲಿಲ್ಲ, ಆದರೂ ಉಪಯೋಗಗಳು ಗೊತ್ತಿದ್ದವು. ಅವುಗಳಲ್ಲಿ ಪೂರ್ಣವಿರಾಮ, ಅಲ್ಪವಿರಾಮ ಎಲ್ಲ ಅಕ್ಷರದ ಜೊತೆಗೇ ಅಂಟಿಕೊಂಡು ಬರುತ್ತಿದ್ದವು. ಹಸುವಿನ ಪ್ರಬಂಧದ ಕೊಂಬಿನ ಮುಂದೆ ಒಂದು ಕಾಮಾ, ಕೆಚ್ಚಲಿನ ಮುಂದೆ ಒಂದು ಚುಕ್ಕಿ. ಅವು ಯಾಕೆ ಅಲ್ಲಿವೆ ಎಂದು ನಾನು ಕೇಳಿಕೊಂಡಿರಲಿಲ್ಲ. ಪರೀಕ್ಷೆಗೆ ಇನ್ನೂ ಎರಡು ವಾರ ಇರುವಾಗ ನಮ್ಮ ಕ್ಲಾಸಿನ ಸಾವಿತ್ರಿ ಮಿಸ್, "ನಿಮ್ಮ ಮನೆ ಬಗ್ಗೆ ನೀವೇ ಬರ್ಕೊಂಡು ಬನ್ನಿ, ಯಾರ್ದೂ ನೋಡ್ಬಾರ್ದು" ಅಂದರು. ನಾನು ಎರಡು ಪುಟ ತುಂಬಿಸಿದೆ. ಅಪ್ಪ ತಿಂಡಿ ಹೇಳಿದ ಹಾಗೆ, ಅಜ್ಜಿ ಬೈದ ಹಾಗೆ ಬರೆದೆ. ಮಿಸ್ ಓದಿ ತಲೆಯೆತ್ತಿದರು.

"ಗಿರಿಜಾ, ವಿಷಯ ಚೆನ್ನಾಗಿದೆ. ಆದ್ರೆ ಇದ್ರಲ್ಲಿ ಒಂದಾದ್ರೂ ಚುಕ್ಕಿ ಇದ್ಯೇನೇ? ಓದೋರು ಉಸಿರು ಕಟ್ಟಿ ಸಾಯ್ತಾರೆ. ಪೂರ್ಣವಿರಾಮ, ಅಲ್ಪವಿರಾಮ ಎಲ್ಲಾ ಹಾಕ್ಕೊಂಡು ನಾಳೆ ತಾ."

ಹಾಕಿಕೊಂಡು ಬಾ ಅಂದರೆ ಹಾಕಿಕೊಂಡು ಬರುವುದು. ನನಗೆ ಅದರಲ್ಲಿ ಸಂಶಯವೇ ಬರಲಿಲ್ಲ. ಹೊಲಿಗೆ ಮುಗಿದಿದೆ, ಈಗ ಹುಕ್ಕು. ಸಂಜೆ ಹೊಸ್ತಿಲ ಬೆಳಕಿನಲ್ಲಿ ಅಮ್ಮನ ಪಕ್ಕದಲ್ಲೇ ಕೂತು ಹಾಳೆಯನ್ನು ತೊಡೆಯ ಮೇಲೆ ಹರಡಿದೆ. ಎರಡು ಬೆರಳು ಇಟ್ಟೆ, ಒಂದು ಚುಕ್ಕಿ. ಮತ್ತೆ ಎರಡು ಬೆರಳು, ಒಂದು ಕಾಮಾ. ಚುಕ್ಕಿ ಹುಕ್ಕು, ಕಾಮಾ ಅದರ ಕಾಜಾ. ಎರಡು ಪುಟಕ್ಕೂ ಒಂದು ಕಡೆಯೂ ಅಳತೆ ತಪ್ಪದ ಹಾಗೆ ಹಾಕಿದೆ. ಅಜ್ಜಿ ಹಾಳೆಯನ್ನು ದೂರ ಹಿಡಿದು ನೋಡಿ, "ಎಷ್ಟು ಓರಣವಾಗಿದೆ ನೋಡೇ, ರಂಗೋಲಿ ಇದ್ದಂಗಿದೆ" ಅಂದಳು. ಅಮ್ಮನಿಗೂ ಅಜ್ಜಿಗೂ ಓದು ಬರದು. ಅಮ್ಮ ಬಗ್ಗಿ ನೋಡಿ ತಲೆಯಾಡಿಸಿದಳು.

ಮರುದಿನ ಸಾವಿತ್ರಿ ಮಿಸ್ ಅದನ್ನು ಕ್ಲಾಸಿಗೆ ಓದಿದರು. ಚುಕ್ಕಿ ಎಲ್ಲಿ ಇತ್ತೋ ಅಲ್ಲೇ ನಿಲ್ಲಿಸಿ, ಕಾಮಾ ಎಲ್ಲಿ ಇತ್ತೋ ಅಲ್ಲೇ ತಡೆದು ಓದಿದರು.

"ನಮ್ಮ ಮನೆಯಲ್ಲಿ. ನಾಲ್ಕು ಜನ, ಇದ್ದೇವೆ ಅಜ್ಜಿಗೆ. ಹಲ್ಲಿಲ್ಲ ಅಪ್ಪನಿಗೆ, ಮೀಸೆಯಿದೆ ಅಮ್ಮನಿಗೆ."

ಮುಂದೆ ಓದಲು ಆಗಲಿಲ್ಲ. ಕ್ಲಾಸು ಬೆಂಚು ಬಡಿದುಕೊಂಡು ನಗುತ್ತಿತ್ತು. ಮಿಸ್ ಕೂಡ ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ಹಾಳೆ ಮಡಿಸಿ ವಾಪಸು ಕೊಟ್ಟರು. "ಯಾಕೇ ಹೀಗೆ ಹಾಕಿದೀಯ?" ಎಂದು ಕೇಳಿದರು. ನಾನು ಎರಡು ಬೆರಳು ಎತ್ತಿ ತೋರಿಸಿದೆ. ಅವರು ನನಗೆ ಬಾತ್‌ರೂಮಿಗೆ ಹೋಗಬೇಕಿದೆ ಎಂದು ತಿಳಿದುಕೊಂಡು, "ಹೋಗು, ಹೋಗ್ಬಿಟ್ಟು ಬಾ" ಅಂದರು. ನಾನು ಹೋದೆ. ಅಲ್ಲೇ ನಿಂತು ಅತ್ತೆ. ವಾಪಸು ಬರುವಷ್ಟರಲ್ಲಿ ಹಿಂದಿನ ಬೆಂಚಿನವರು ಅಮ್ಮನಿಗೆ ಮೀಸೆಯ ಹೆಸರು ಇಟ್ಟಾಗಿತ್ತು. "ನಿಮ್ಮಮ್ಮ ಮೀಸೆ ದಿನಾ ಬೋಳಿಸ್ತಾರಾ, ವಾರಕ್ಕೊಂದ್ಸಲನಾ?" ಎಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಕೇಳಿದರು. ನನ್ನನ್ನು ನೋಡಿ ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಅಮ್ಮನನ್ನು ಆಡಿಕೊಂಡು ನಗುವುದಕ್ಕೆ ನಾನೇ ಬರೆದುಕೊಟ್ಟಿದ್ದೆ.

ಮನೆಗೆ ಬಂದು ಸ್ಕೂಲ್ ಬ್ಯಾಗನ್ನು ಅಕ್ಕಿ ಡಬ್ಬದ ಹಿಂದೆ ತುರುಕಿ, ಅಮ್ಮನ ಎದುರು ಕೂತು ಒಂದು ರವಿಕೆ ಎಳೆದುಕೊಂಡೆ.

"ನಾಳೆಯಿಂದ ಅಂಗಡಿಗೆ ಹೋಗ್ತೀನಿ."

ಅಮ್ಮ ನನ್ನನ್ನು ನೋಡಿದಳು. ಆಮೇಲೆ ಬಾಯಲ್ಲಿದ್ದ ಹುಕ್ಕುಗಳನ್ನು ಒಂದೊಂದಾಗಿ ತೆಗೆದು ಪೌಡರ್ ಡಬ್ಬಿಯ ಮುಚ್ಚಳಕ್ಕೆ ಹಾಕತೊಡಗಿದಳು. ಟಿಣ್, ಟಿಣ್ ಎಂದು ಸದ್ದು. ದೀಪದ ಹೊತ್ತಲ್ಲದ ಹೊತ್ತಿನಲ್ಲಿ ಅವಳು ಬಾಯಿ ಖಾಲಿ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಒಳಗೆ ಸೊಪ್ಪು ಸೋಸುತ್ತಿದ್ದ ಅಜ್ಜಿಯೂ ಸದ್ದು ಕೇಳಿ ಎದ್ದು ಬಂದಳು.

"ಏನಾಯ್ತು ಹೇಳು, ಪುಟ್ಟಿ."

ಹೇಳಿದೆ. ಮೀಸೆಯ ಮಾತು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಎರಡು ಬೆರಳು ಇಟ್ಟು ಸರಿಯಾಗಿಯೇ ಹಾಕಿದ್ದೆ, ಆದರೂ ತಪ್ಪಂತೆ, ಎಂದೆ.

"ಎರಡು ಬೆರಳು ಅಂತ ಯಾರು ಹೇಳಿದ್ದು?"

"ನೀನೇ."

ಅಮ್ಮನಿಗೆ ನಗು ಬಂತು. ಕ್ಲಾಸಿನವರು ನಕ್ಕ ಹಾಗಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಭುಜ ಕುಣಿಯುವ ಹಾಗೆ ನಕ್ಕಳು. ಕಣ್ಣು ಒರೆಸಿಕೊಂಡು ಅಜ್ಜಿಯನ್ನು ಕರೆದಳು.

"ಅತ್ತೆ, ನಿಮ್ಮ ಹೊಸ ರವಿಕೆ ಹಾಕ್ಕೊಂಡು ಬನ್ನಿ."

"ಹಬ್ಬಕ್ಕೆ ಇನ್ನೂ ತಿಂಗಳಿದೆ. ಈಗ್ಯಾಕೆ?"

"ಹಾಕ್ಕೊಂಡು ಬನ್ನಿ ಅಂದೆ."

ಅಜ್ಜಿ ಗೊಣಗುತ್ತಾ, ಇನ್ನೂ ಹುಕ್ಕು ಹಾಕದ ರವಿಕೆ ತೊಟ್ಟು ಬಂದು ಹೊಸ್ತಿಲ ಒಳಬದಿಯಲ್ಲಿ ನಿಂತಳು. ಅಮ್ಮ ಬಾಗಿಲನ್ನು ಅರ್ಧ ಎಳೆದುಕೊಂಡು, ನನ್ನ ಕೈಗೆ ಪಿನ್ನು ಕೊಟ್ಟು, ಎರಡೆರಡು ಬೆರಳಿಗೆ ಒಂದರಂತೆ ಹಾಕಲು ಹೇಳಿದಳು. ಹಾಕಿದೆ. ಸಾಲು ನೆಟ್ಟಗಿತ್ತು.

"ಅತ್ತೆ, ಈಗ ಉಸಿರು ತಗೊಳ್ಳಿ. ಜೋರಾಗಿ."

"ಉಸಿರು ತಗೊಳ್ದೆ ಇಷ್ಟು ವರ್ಷ ಬದುಕಿದೀನೇನೇ?"

"ತಗೊಳ್ಳಿ ಅತ್ತೆ. ಕೈ ಮೇಲೆತ್ತಿ. ಅಟ್ಟದಿಂದ ಡಬ್ಬ ಇಳಿಸೋ ಥರ."

ಅಜ್ಜಿ ಕೈ ಎತ್ತಿದಳು. ಎರಡನೇ ಪಿನ್ನಿಗೂ ಮೂರನೇ ಪಿನ್ನಿಗೂ ಮಧ್ಯೆ ರವಿಕೆ ಮೀನಿನ ಬಾಯಿಯ ಹಾಗೆ ತೆರೆದುಕೊಂಡಿತು. ಕೆಳಗಿನ ಎರಡು ಪಿನ್ನು ಏನೂ ಕೆಲಸವಿಲ್ಲದೆ ಸುಮ್ಮನೆ ನೇತಾಡುತ್ತಿದ್ದವು.

"ನೋಡಿದ್ಯಾ, ಬಾಯಿ ಬಿಡ್ತು. ಎಳೆತ ಇರೋದು ಅಲ್ಲಿ. ಮೊದಲನೇ ಹುಕ್ಕು ಅಲ್ಲಿಗೆ. ಮಿಕ್ಕಿದ್ದೆಲ್ಲ ಅದನ್ನ ನೋಡ್ಕೊಂಡು. ಮೈಯಿಂದ ಮೈಗೆ ಬೇರೆ."

"ಮತ್ತೆ ನಂಗ್ಯಾಕೆ ಎರಡು ಬೆರಳು ಅಂತ ಹೇಳ್ಕೊಟ್ಟೆ?"

"ಒಂಬತ್ತು ವರ್ಷದೋಳು ನೀನು. ಹಿಡ್ಕೊಳ್ಳೋಕೆ ಏನಾದ್ರೂ ಬೇಕಿತ್ತಲ್ಲ. ನೀನು ಶಾಲೆಗೆ ಹೋದ್ಮೇಲೆ ನಾನು ಒಂದೊಂದನ್ನೂ ಸರಿಸಿ ಹಾಕ್ತಿದ್ದೆ."

ನನ್ನ ಹೊಲಿಗೆ ಎಂದು ನಾಗರಾಜ್ ಮಾಸ್ಟರ್ ಹೊಗಳಿದ್ದು ಯಾರ ಕೈಯನ್ನು ಎಂದು ಆಗ ಗೊತ್ತಾಯಿತು. ನಾಚಿಕೆಯಾಯಿತು, ಜೊತೆಗೆ ಅಮ್ಮನ ಮೇಲೆ ಎಂಥದೋ ಅಕ್ಕರೆಯೂ ಉಕ್ಕಿತು. ಅಮ್ಮ ಅಕ್ಕಿ ಡಬ್ಬದ ಹಿಂದಿನಿಂದ ಬ್ಯಾಗನ್ನು ಎಳೆದು ನನ್ನ ಮುಂದಿಟ್ಟಳು.

"ಓದು ನಿಂದನ್ನ. ಎಲ್ಲಿ ಬಾಯಿ ಬಿಡುತ್ತೆ ನೋಡೋಣ."

ಹಳೆಯ ಚುಕ್ಕಿಗಳನ್ನೆಲ್ಲ ಹೊಡೆದುಹಾಕಿ ಓದತೊಡಗಿದೆ. ಅಮ್ಮ ಮತ್ತೆ ಹುಕ್ಕು ಕಚ್ಚಿಕೊಂಡು ಹೊಲಿಗೆ ಹಿಡಿದಳು. ನಾನು "ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೇವೆ ಅಜ್ಜಿಗೆ" ಎನ್ನುತ್ತಿದ್ದಂತೆ ಅವಳ ಸೂಜಿ ಮೇಲಕ್ಕೆದ್ದಿತು.

"ನಾಲ್ಕು ಜನರ ಮಾತು ಮುಗೀತಾ?"

"ಮುಗೀತು."

"ಅಜ್ಜಿ ಬಂದ್ರು. ಅವರು ಅದನ್ನ ತಮ್ಮ ಕಡೆ ಎಳೀತಿದಾರೆ. ಅಲ್ಲಿ ಒಂದು ಗಟ್ಟಿಯಾಗಿ ಹಾಕು."

ಹಾಕಿದೆ. ಮುಂದಿನ ಸಾಲಿಗೆ ಅಜ್ಜಿಯಿಂದಲೇ ಅಡ್ಡಿ ಬಂತು.

"ಹಲ್ಲಿಲ್ಲ ಅಂತ ಬರ್ದಿದೀಯಾ? ಊರಿಗೆಲ್ಲ ಹೇಳ್ಕೊಂಡು ಬಂದ್ಯಾ? ಎರಡಿದೆ! ನೋಡು, ಇಲ್ಲೊಂದು, ಇಲ್ಲೊಂದು! ಎರಡಿದೆ ಅಂತ ಬರಿ!"

ಎರಡಿದೆ ಎಂದು ಬರೆದೆ. ಅಂದು ದೀಪ ಹಚ್ಚುವ ಹೊತ್ತಿಗೆ ಅರ್ಧ ಪುಟ ಆಗಿತ್ತು. ಕೆಲವು ಕಡೆ ಅಮ್ಮ, "ಇಲ್ಲಿ ಪೂರ್ತಿ ಬೇಡ, ಸುಮ್ನೆ ಒಂದು ಎಳೆ ಹಿಡಿದು ಬಿಡು" ಅನ್ನುತ್ತಿದ್ದಳು. ಅಲ್ಲಿ ಕಾಮಾ. ಕೆಲವು ಕಡೆ ಅವಳಿಗೂ ಗೊತ್ತಾಗುತ್ತಿರಲಿಲ್ಲ. "ಇದು ನಿಮ್ಮ ಮಿಸ್ಸನ್ನೇ ಕೇಳು" ಎಂದು ಒಪ್ಪಿಕೊಳ್ಳುತ್ತಿದ್ದಳು.

ಮಂಗಳವಾರ ಅಪ್ಪನಿಗೆ ರಜೆ. ಹಿಂದಿನ ದಿನ ಹೋಟೆಲಿನಲ್ಲಿ ಮಿಕ್ಕಿದ್ದ ವಡೆಗಳನ್ನು ಅಮ್ಮ ಮಜ್ಜಿಗೆಯಲ್ಲಿ ನೆನೆಸಿಟ್ಟಿದ್ದಳು. ನಾವು ಅದನ್ನು ತಿನ್ನುತ್ತಾ ಕೂತಿದ್ದಾಗ ಅಜ್ಜಿ ಇದೆಲ್ಲವನ್ನೂ ಅಪ್ಪನಿಗೆ ವರದಿ ಮಾಡಿದಳು. ಅಪ್ಪ ನನ್ನ ಕಡೆ ತಿರುಗಿದ.

"ನಿಂಗೆ ನಿಲ್ಲಿಸೋದು ಕಲೀಬೇಕಾ? ನನ್ನ ಕೇಳೋದಲ್ವೇನೇ!"

ಅಜ್ಜಿ ವಡೆಯನ್ನು ಬಾಯಿಗೆ ಇಡುವುದನ್ನೇ ಮರೆತಳು.

"ನೀನಾ? ನೀನು ಹುಟ್ಟಿದಾಗ ಶುರು ಮಾಡಿದ್ದು ಕಣೋ, ಇನ್ನೂ ನಿಲ್ಸಿಲ್ಲ."

"ಸುಮ್ನಿರವ್ವ. ಕೇಳು ಪುಟ್ಟಿ. ಇಡ್ಲಿ ಅಂತ ಹೇಳಿ ನಿಲ್ಸಿದೆ ಅಂತಿಟ್ಕೋ. ಗಿರಾಕಿ ಏನ್ಮಾಡ್ತಾನೆ? 'ಹ್ಞೂಂ, ಅದೇ ಕೊಡಿ' ಅಂತಾನೆ. ಮುಗೀತು ಕತೆ. ನಿಲ್ಸಿದ ಕಡೆ ಅವನೂ ನಿಂತ್ಬಿಡ್ತಾನೆ. ಅದಕ್ಕೇ ನಾನು ಇಡ್ಲಿವಡೆಖಾರಾಬಾತ್‌ಕೇಸರಿಬಾತ್‌ಪೂರಿಸಾಗು ಅಂತ ಓಡಿಸ್ಕೊಂಡು ಹೋಗಿ, ಒಂದು ಕಡೆ ಗಕ್ಕಂತ ನಿಲ್ಲಿಸ್ತೀನಿ. ಆಮೇಲೆ ಮೆಲ್ಲಗೆ ಹೇಳ್ತೀನಿ. ಬೆಣ್ಣೆ ಮಸಾಲೆ."

ಅವನು 'ಬೆಣ್ಣೆ ಮಸಾಲೆ' ಅಂದ ರೀತಿಗೆ ನಮ್ಮೆಲ್ಲರ ಕೈ ತಟ್ಟೆಯಲ್ಲೇ ನಿಂತಿತು. ಇಷ್ಟು ವರ್ಷ ಅಪ್ಪನ ಮಾತನ್ನು ಕೇಳಿದ್ದೆ, ಅದರಲ್ಲಿ ಹೀಗೊಂದು ನಿಲುಗಡೆ ಇದೆ ಎಂದು ಗಮನಿಸಿರಲಿಲ್ಲ. ಅಮ್ಮ ಮಜ್ಜಿಗೆ ಬಡಿಸುತ್ತಾ, "ಹಂಗಾದ್ರೆ ಮನೇಲಿ ಯಾಕ್ರೀ ನಿಲ್ಸಲ್ಲ?" ಎಂದು ಕೇಳಿದಳು. ಅಪ್ಪ, "ಇಲ್ಲಿ ಯಾರು ಆರ್ಡರ್ ಕೊಡ್ತಾರೆ?" ಅಂದ.

ತಿದ್ದಿದ ಹಾಳೆಯನ್ನು ಸಾವಿತ್ರಿ ಮಿಸ್ ಕೈಗೆ ಕೊಟ್ಟಾಗ ಅವರು ಎರಡು ಸಲ ಓದಿದರು.

"ಯಾರು ಹೇಳ್ಕೊಟ್ರು?"

"ಅಮ್ಮ."

"ಎಲ್ಲೀವರೆಗೆ ಓದಿದಾರೆ?"

"ಓದಿಲ್ಲ ಮಿಸ್. ಹುಕ್ಕು ಹಾಕ್ತಾರೆ."

ಎರಡು ಬೆರಳಿನ ವಿಷಯ ಆಗ ಹೇಳಿದೆ. ಮಿಸ್ ನನ್ನನ್ನು ಕ್ಲಾಸಿನ ಮುಂದೆ ನಿಲ್ಲಿಸಿ ಪ್ರಬಂಧ ಓದಿಸಿದರು. ಹಿಂದಿನ ಬೆಂಚಿನವರು ಅಜ್ಜಿಯ ಎರಡು ಹಲ್ಲಿಗೆ ನಕ್ಕರು, ಆದರೆ ಆ ನಗು ನಾನು ನಿಲ್ಲಿಸಿದ ಕಡೆ ಬಂತು. ಅಲ್ಲಿಂದ ಪರೀಕ್ಷೆಯವರೆಗೆ ಮಿಸ್ ದಿನಾ ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡರು. ಪ್ರಶ್ನೆ ಕೇಳಿದ ಮೇಲೆ ಹಾಕುವ ಚಿಹ್ನೆ, ಒಬ್ಬರು ಆಡಿದ ಮಾತನ್ನು ಹಾಗೇ ಬರೆಯುವಾಗ ಎರಡು ಕಡೆಯೂ ಹಾಕುವ ಚಿಹ್ನೆ, ಇವನ್ನೆಲ್ಲ ಅವರು ಕಲಿಸಿದರು. ಅಮ್ಮನಿಗೆ ಗೊತ್ತಿಲ್ಲದ ಕಡೆಗಳನ್ನೆಲ್ಲ ಅವರು ತುಂಬಿದರು. ಆಶ್ಚರ್ಯದ ಚಿಹ್ನೆಯನ್ನು ನಾನು ಅಜ್ಜಿಯ ಪ್ರತಿ ಮಾತಿಗೂ ಹಾಕುತ್ತಿದ್ದೆ. "ಇಷ್ಟೊಂದು ಯಾಕೇ?" ಎಂದು ಮಿಸ್ ಕೇಳಿದರೆ, "ಅವರು ಮಾತಾಡೋದೇ ಹಾಗೆ ಮಿಸ್" ಎನ್ನುತ್ತಿದ್ದೆ.

ಪರೀಕ್ಷೆಯ ದಿನ ಅಮ್ಮ ನನ್ನನ್ನು ಹೈಸ್ಕೂಲಿನ ಗೇಟಿಗೆ ಬಿಟ್ಟು, ರವಿಕೆಗಳ ಚೀಲ ಹಿಡಿದು ಹೊರಗೆ ಮರದ ಕೆಳಗೆ ಕೂತಳು. ಒಂದು ಗಂಟೆಯ ಸಮಯ. ವಿಷಯ, 'ನಾನು ಮಾಡಿದ ಒಂದು ಬಸ್ ಪ್ರಯಾಣ'. ಗೊತ್ತಿಲ್ಲದ್ದಲ್ಲ. ನಮ್ಮ ಚೀಲ ತುಳಿದವರ ಜೊತೆ ಅಮ್ಮನ ಜಗಳ, ಕಂಡಕ್ಟರ್ ನನಗೆ ಅರ್ಧ ಟಿಕೆಟ್ಟೋ ಪೂರಾನೋ ಎಂದು ಎತ್ತರ ನೋಡಿದ್ದು, ಎಲ್ಲ ಇತ್ತು. ಒಂದು ಸಾಲು ಬರೆದು, ಎಳೆತ ಎಲ್ಲಿದೆ ನೋಡೋಣ ಎಂದು ಮೆಲ್ಲಗೆ ಓದಿಕೊಂಡೆ. ರೂಮಿನಲ್ಲಿ ಓಡಾಡುತ್ತಿದ್ದ ಮೇಡಂ ಬೆಂಚು ಕುಟ್ಟಿದರು.

"ಶ್! ಏಯ್ ಹುಡುಗಿ, ಬಾಯಿ ಮುಚ್ಕೊಂಡು ಬರಿ. ಇನ್ನೊಂದ್ಸಲ ಬಾಯಾಡಿಸಿದ್ರೆ ಪೇಪರ್ ಕಿತ್ಕೊಂಡ್ಬಿಡ್ತೀನಿ."

ನಾನು ಕಲಿತಿದ್ದೆಲ್ಲ ಗಟ್ಟಿಯಾಗಿ ಓದಿ, ಎದುರಿಗೆ ಒಂದು ಸೂಜಿ ಮೇಲೇಳುವುದನ್ನು ನೋಡಿ. ಬಾಯಿ ಮುಚ್ಚಿಕೊಂಡು ಹೇಗೆ ನಿಲ್ಲಿಸಬೇಕು ಎಂದು ಯಾರೂ ಕಲಿಸಿರಲಿಲ್ಲ. ಅಕ್ಷರಗಳೆಲ್ಲ ಮತ್ತೆ ಒಂದೇ ಉದ್ದ ಬಟ್ಟೆಯ ಹಾಗೆ ಕಂಡವು. ಎರಡು ಬೆರಳು ತಾವಾಗಿಯೇ ಹಾಳೆಯ ಮೇಲೆ ಹೋಗಿ ಕೂತವು. ಅವುಗಳನ್ನು ನೋಡಿ ಭಯವಾಯಿತು. ಅಂಗಡಿ ಕಣ್ಣಮುಂದೆ ಬಂತು, ನೀಲಿ ಲಂಗ ದೂರ ಹೋಯಿತು. ಆಗ, ಬಾಯಿ ಅಲುಗದಿರಲಿ ಎಂದು, ಪೆನ್ನಿನ ಕ್ಯಾಪನ್ನು ತುಟಿಗಳ ಮಧ್ಯೆ ಕಚ್ಚಿಕೊಂಡೆ. ಬಿಗಿಯಾಗಿ, ಅಮ್ಮ ಹುಕ್ಕು ಕಚ್ಚಿಕೊಳ್ಳುವ ಹಾಗೆ. ಬಾಯಿ ಹಾಗೆ ತುಂಬಿದ ಕೂಡಲೇ ಸಾಲುಗಳು ಚಿಕ್ಕವಾದವು. ಒಂದು ವಿಷಯ ಹೇಳಿದರೆ ಇನ್ನೊಂದಕ್ಕೆ ಮುಂಚೆ ಏನನ್ನೋ ಕೆಳಗೆ ಇಡಬೇಕು ಅನ್ನಿಸತೊಡಗಿತು. ಬಸ್ಸು ಬಂತು. ಅಮ್ಮ ಮೊದಲು ಚೀಲ ಹತ್ತಿಸಿದಳು. ಆಮೇಲೆ ನನ್ನನ್ನು ಹತ್ತಿಸಿದಳು. ಒಂದು ಕಡೆ ಮಾತ್ರ ಅಪ್ಪನ ಹಾಗೆ ಓಡಿಸಿದೆ: ಮಡಿಕೇರಿಗೆ ಹೋಗುವವರಂತೆ ಜನ ಚೀಲ, ಬುಟ್ಟಿ, ಕೊಡೆ, ಕೊಡ, ಮಗು ಎಲ್ಲ ಹಿಡಿದು ನುಗ್ಗಿದ್ದನ್ನು. ಅಲ್ಲಿ ಕಾಮಾಗಳ ಸಾಲು, ಕೊನೆಗೆ ಗಕ್ಕಂತ ಒಂದು ಚುಕ್ಕಿ. ಬೆಲ್ ಹೊಡೆದಾಗ ನಾನು ಬರೆದಿದ್ದು ಮುಕ್ಕಾಲು ಪುಟ. ಪಕ್ಕದ ಹುಡುಗಿ ಮೂರನೇ ಪುಟದಲ್ಲಿದ್ದಳು.

ಹೊರಗೆ ಬಂದು, "ಚಿಕ್ಕದಾಯ್ತಮ್ಮ" ಎಂದು ಹೇಳಿದೆ. ಅಮ್ಮ ನನ್ನ ತುಟಿಯ ಮೇಲೆ ಮೂಡಿದ್ದ ಕ್ಯಾಪಿನ ಗುರುತನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದಳು.

ಆ ಅಭ್ಯಾಸ ಇನ್ನೂ ಹೋಗಿಲ್ಲ. ಕಚೇರಿಯಲ್ಲಿ ನನ್ನ ಮೇಜಿನ ಪೆನ್ನುಗಳ ಕ್ಯಾಪೆಲ್ಲ ಹಲ್ಲಿನ ಗುರುತಿನವು. ಹೊಸಬರು ನನ್ನ ಪೆನ್ನು ಮುಟ್ಟುವುದಿಲ್ಲ.

ಒಂದು ವಾರದ ನಂತರ ಹೈಸ್ಕೂಲಿನ ಬೋರ್ಡಿನಲ್ಲಿ ಪಟ್ಟಿ ಹಾಕಿದರು. ನನ್ನ ಹೆಸರು ಕೊನೆಯಿಂದ ಮೂರನೆಯದು. ಮೇಲಿನಿಂದ ಹುಡುಕಿಕೊಂಡು ಬಂದದ್ದರಿಂದ ಅಲ್ಲಿಗೆ ತಲುಪುವಷ್ಟರಲ್ಲಿ ನನ್ನ ಜೀವ ಅರ್ಧ ಹೋಗಿತ್ತು. ಓದಲು ಬಾರದ ಅಮ್ಮ ಬೋರ್ಡನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಹೇಳುವ ಮುಂಚೆಯೇ ಅವಳಿಗೆ ಗೊತ್ತಾಯಿತು. "ನಡಿ, ಫಾರಂ ತುಂಬೋಣ" ಎಂದು ನನ್ನ ಕೈ ಹಿಡಿದು ಆಫೀಸಿನ ಕಡೆ ಹೊರಟಳು. ಹಿಡಿತ ಎಷ್ಟು ಬಿಗಿ ಇತ್ತೆಂದರೆ ಬಳೆ ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು.

ಅಪ್ಪ ಕೆಲಸದಲ್ಲಿದ್ದ. ತಾಯಿಯ ಸಹಿಯಾದರೂ ಸಾಕು ಎಂದರು ಗುಮಾಸ್ತರು. ಫಾರಂ ನಾನೇ ತುಂಬಿದೆ. ಅಮ್ಮ ಹೆಬ್ಬೆರಳನ್ನು ಮುಂದೆ ಚಾಚಿದಳು. ಸೂಜಿ ಚುಚ್ಚಿ ಚುಚ್ಚಿ ಅದರ ತುದಿ ದೊರಗಾಗಿತ್ತು. ಗುಮಾಸ್ತರು ಇಂಕ್ ಪ್ಯಾಡ್ ತಳ್ಳಿದರು. ಅವಳು ಒತ್ತಿದಳು, ಸೆರಗಿನ ತುದಿಗೆ ಬೆರಳು ಒರೆಸಿಕೊಂಡಳು. ಗುಮಾಸ್ತರು ಫಾರಮ್ಮಿಗೆ ಕೈ ಹಾಕಿದಾಗ, "ಒಂದು ನಿಮಿಷ ಸಾರ್" ಎಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಸೂಜಿ ಹಿಡಿದ ಹಾಗೆ ಹಿಡಿದು, ಬಗ್ಗಿ, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟಳು. ಹಾಳೆಯ ಹಿಂದಕ್ಕೂ ಮೂಡುವಷ್ಟು ಗಟ್ಟಿಯಾಗಿ ಇಟ್ಟಳು.

"ಏನಮ್ಮ ಇದು, ಫಾರಂ ಗಲೀಜು ಮಾಡ್ತೀರಲ್ಲ?"

"ಇಲ್ಲ ಸಾರ್," ಅಂದಳು ಅಮ್ಮ. "ಇನ್ನು ಬಾಯಿ ಬಿಡಬಾರ್ದು ಅಂತ."

ಗುಮಾಸ್ತರಿಗೆ ಏನೂ ಅರ್ಥವಾಗಲಿಲ್ಲ. ಅವರು ಅದರ ಮೇಲೆಯೇ ಸೀಲು ಒತ್ತಿದರು.